ಗರಿಕೆ, ಮೆಕ್ಸಿಕನ್, ಬಫಲೋ: ನಮ್ಮನೆ ಮುಂದಿನ ಮೂರು ಹುಲ್ಲು

ನಮ್ಮದು ಬೆಂಗಳೂರಿನ ಜೆ.ಪಿ. ನಗರದ ಹಳೇ 40/60 ಸೈಟು. ಅಪ್ಪ ಮನೆ ಕಟ್ಟುವಾಗ ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದರು. ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸು ಅಂತ ಎಲ್ಲರೂ ಹೇಳಿದರು. ನಾನು ಹುಲ್ಲು ಹಾಕಿದೆ. ಯಾವುದು ಹಾಕೋದು ಅಂತ ತೀರ್ಮಾನ ಆಗದೆ ಮೂರು ಜಾತಿ ಹಾಕಿದೆ. ಹತ್ತು ಅಡಿಗೆ ಹತ್ತು ಅಡಿಯ ಮೂರು ಚೌಕ. 2022ರ ಜೂನ್‌ನಲ್ಲಿ ಶುರು ಮಾಡಿದ್ದು.

ನರ್ಸರಿಯಲ್ಲಿ ಕೇಳಿದರೆ ಮೊದಲು ತೋರಿಸೋದು ಮೆಕ್ಸಿಕನ್ ಹುಲ್ಲು. ಹೆಸರು ಮೆಕ್ಸಿಕನ್, ಆದರೆ ನನಗೆ ಕೊಟ್ಟಿದ್ದು ಜೋಯ್ಸಿಯಾ ಜಾತಿ. ಅದರ ತವರು ಪೂರ್ವ ಏಷ್ಯಾ ಕಡೆ! ಚೌಕ ಚೌಕ ತುಂಡುಗಳಾಗಿ, ಬುಡದಲ್ಲಿ ಮಣ್ಣು ಮೆತ್ತಿಕೊಂಡೇ ಬಂತು. ಸಂಜೆಯೊಳಗೆ ಅಂಗಳ ಮದುವೆ ಛತ್ರದ ಹಾಗೆ ಕಂಡಿತು. ಆ ಮಣ್ಣಿನ ಜೊತೆ ಕೊನ್ನಾರಿ ಅನ್ನೋ ಕಳೆಯ ಗಡ್ಡೆಯೂ ಬಂದಿತ್ತು ಅಂತ ಗೊತ್ತಾಗಿದ್ದು ಮೂರು ವಾರದ ಮೇಲೆ. ಕೊನ್ನಾರಿಯ ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತೆ, ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತೆ. ಮಳೆ ಬಂದ ಮಾರನೇ ದಿನ, ಮಣ್ಣು ಮೆತ್ತಗಿರುವಾಗ, ಹಳೇ ಸ್ಕ್ರೂಡ್ರೈವರ್ ಚುಚ್ಚಿ ಗಡ್ಡೆ ಸಮೇತ ಎಬ್ಬಿಸಬೇಕು. ಎರಡು ವರ್ಷ ನನ್ನ ಭಾನುವಾರಗಳು ಹೀಗೇ ಹೋದವು.

ಗರಿಕೆಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಪಕ್ಕದ ಖಾಲಿ ಸೈಟಿನಿಂದ ಕಿತ್ತು ತಂದು, ಗಿಣ್ಣು ಗಿಣ್ಣಾಗಿ ಕತ್ತರಿಸಿ, ನಾಲ್ಕು ಬೆರಳು ಅಂತರದಲ್ಲಿ ನೆಟ್ಟೆ. ಎದುರು ಮನೆ ಅಜ್ಜಿ ಗೇಟಿನ ಹತ್ತಿರ ನಿಂತು, 'ಎಲ್ಲರೂ ಕಿತ್ತು ಬಿಸಾಕೋದನ್ನ ನೀನು ನೆಡ್ತಿದ್ದೀಯಲ್ಲೋ' ಅಂದರು. ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಎರಡು ತಿಂಗಳು ಆ ಚೌಕ ಬೋಳು ತಲೆಗೆ ಕೂದಲು ನಾಟಿ ಮಾಡಿದ ಹಾಗೇ ಇತ್ತು. ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ತುಂಬಿಕೊಂಡಿತು.

ಮೂರನೆಯದು ಅಗಲ ಎಲೆಯ ಬಫಲೋ, ಮಾವಿನ ಮರದ ಕೆಳಗೆ. ನಿಜ ಹೇಳಬೇಕೆಂದರೆ ಅಲ್ಲಿ ಮೊದಲು ನೆಟ್ಟಿದ್ದು ಗರಿಕೆಯನ್ನೇ. ಬಿಸಿಲಿಲ್ಲದೆ ಉದ್ದುದ್ದ ಬೆಳೆದು, ಹಳದಿಯಾಗಿ, ಒಂದೇ ತಿಂಗಳಲ್ಲಿ ಹೋಯಿತು. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಫಲೋ ನೆರಳಲ್ಲೂ ಬದುಕುತ್ತೆ. ನೋಡೋಕೆ ಒರಟು, ಬರಿಗಾಲಲ್ಲಿ ನಡೆದರೆ ಅಷ್ಟೇನೂ ಹಿತವಿಲ್ಲ. ಆದರೆ ಅಲ್ಲಿ ಬೇರೆ ಯಾವುದೂ ಬರಲಿಲ್ಲವಲ್ಲ, ಹಾಗಾಗಿ ನನ್ನ ದೂರೇನೂ ಇಲ್ಲ. ಅದನ್ನು ಎರಡೂವರೆ ಇಂಚಿಗಿಂತ ಗಿಡ್ಡ ಕತ್ತರಿಸಬೇಡಿ, ಅಷ್ಟೇ.

ಕತ್ತರಿಸೋ ವಿಷಯದಲ್ಲಿ ಮೆಕ್ಸಿಕನ್ ಸುಖ. ನಿಧಾನ ಬೆಳೆಯುತ್ತೆ, ಮೂರು ವಾರಕ್ಕೊಮ್ಮೆ ಮಿಷಿನ್ ತಳ್ಳಿದರೆ ಸಾಕು. ಕಾಲಿಗೆ ಸ್ಪ್ರಿಂಗ್ ಹಾಸಿಗೆ ಇದ್ದ ಹಾಗೆ. ಮಳೆಗಾಲದಲ್ಲಿ ಗರಿಕೆಗೆ ವಾರವಾರ ಕತ್ತರಿ ಬೇಕು. ಬಿಟ್ಟರೆ ಗುಲಾಬಿ ಪಾತಿಗೆ ನುಗ್ಗುತ್ತೆ. ಇಟ್ಟಿಗೆ ಸಾಲು ಹೂತರೆ ಅದರ ಅಡಿಯಿಂದಲೂ ಬರುತ್ತೆ. ಯಾವ ಹುಲ್ಲಾದರೂ ಒಂದೇ ಸಲಕ್ಕೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು ಅನ್ನೋದನ್ನು ಮೆಕ್ಸಿಕನ್ ಚೌಕವನ್ನು ಒಮ್ಮೆ ಬೋಳಿಸಿ ಕಲಿತೆ.

2023ರ ಆಗಸ್ಟ್‌ನಲ್ಲಿ ಆ ಚೌಕದ ಒಂದು ಮೂಲೆ ಕಂದಾಯಿತು. ನೀರು ಸಾಲದೇನೋ ಅಂತ ಇನ್ನಷ್ಟು ಸುರಿದೆ. ಒಂದು ದಿನ ಸುಮ್ನೆ ಹಿಡಿದು ಎತ್ತಿದರೆ, ಚಾಪೆ ಎತ್ತಿದ ಹಾಗೆ ಹುಲ್ಲು ಪೂರ್ತಿ ಕೈಗೆ ಬಂತು. ಬೇರುಗಳೇ ಇಲ್ಲ! ಕೆಳಗೆ ಬೆಳ್ಳಗೆ, ಅರ್ಧಚಂದ್ರದ ಹಾಗೆ ಸುರುಟಿಕೊಂಡ ಗೊಣ್ಣೆಹುಳು. ಕೊಟ್ಟಿಗೆ ಗೊಬ್ಬರ ಸರಿಯಾಗಿ ಕಳಿಯುವ ಮೊದಲೇ ಹಾಕಿದ್ದು ನನ್ನ ತಪ್ಪು. ಹುಲ್ಲಿನ ಆ ತುಂಡನ್ನು ಅರ್ಧ ದಿನ ಮಗುಚಿ ಇಟ್ಟೆ, ಗೊರವಂಕಗಳು ಬಂದು ಹಬ್ಬ ಮಾಡಿದವು. ಆಮೇಲೆ ಬೇವಿನ ಹಿಂಡಿ ಬೆರೆಸಿ ಮತ್ತೆ ಹಾಸಿದೆ.

ನಿಜವಾದ ಪರೀಕ್ಷೆ 2024ರ ಬೇಸಿಗೆ. ಹಿಂದಿನ ಮುಂಗಾರು ಕೈಕೊಟ್ಟಿತ್ತು, ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಜಲಮಂಡಳಿ ಹೇಳಿತು. ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ನನ್ನ ಒಂದು ಚೌಕಕ್ಕೆ ಸುಮಾರು 40 ಲೀಟರ್, ಅಂದರೆ ಮೂರು ಬಕೆಟ್. ಮೂರು ಚೌಕಕ್ಕೆ ಒಂಬತ್ತು ಬಕೆಟ್! ಮನೆಯವರು ಬಕೆಟ್ ಎಣಿಸಿ ಸ್ನಾನ ಮಾಡುತ್ತಿರುವಾಗ ಹುಲ್ಲಿಗೆ ಎಲ್ಲಿಂದ ತರೋದು? ಅಕ್ಕಿ, ತರಕಾರಿ ತೊಳೆದ ನೀರನ್ನು ಮಾವಿನ ಬುಡಕ್ಕೆ ಹಾಕಿದೆ, ಉಳಿದದ್ದನ್ನು ಬಿಟ್ಟುಬಿಟ್ಟೆ.

ಏಪ್ರಿಲ್ ಹೊತ್ತಿಗೆ ಗರಿಕೆಯೇ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು, ಒಣಗಿದ ತೆಂಗಿನ ನಾರಿನ ಬಣ್ಣ. ಮೆಕ್ಸಿಕನ್ ಅಲ್ಲಲ್ಲಿ ಹಸಿರು ಹಿಡಿದುಕೊಂಡಿತ್ತು. ಮೇ ಮೊದಲ ವಾರ ಮಳೆ ಬಂತು. ಗರಿಕೆ ಮಣ್ಣಿನಡಿಯ ಬೇರುಕಾಂಡದಿಂದ ಚಿಗುರಿ, ಹತ್ತು ದಿನದಲ್ಲಿ ಹಸಿರಾಯಿತು. ಮೆಕ್ಸಿಕನ್ ಬದುಕಿತು, ಆದರೆ ಬೋಳಾದ ಜಾಗ ತುಂಬೋಕೆ ಸೆಪ್ಟೆಂಬರ್‌ವರೆಗೆ ಕಾಯಿಸಿತು. ಬಫಲೋದಲ್ಲಿ ಅರ್ಧ ಹೋಗಿತ್ತು, ಅಡುಗೆಮನೆ ನೀರು ತಲುಪಿದ ಕಡೆ ಮಾತ್ರ ಉಳಿದಿತ್ತು.

ಯಾರಾದರೂ ಕೇಳಿದರೆ ನಾನೀಗ ಹೇಳೋದು ಗರಿಕೆ ಅಂತ. ಬಿಸಿಲು ಚೆನ್ನಾಗಿದ್ದರೆ, ವಾರಕ್ಕೊಮ್ಮೆ ಬೆವರು ಸುರಿಸೋಕೆ ರೆಡಿ ಇದ್ದರೆ. ಸೋಮಾರಿತನ ಇದ್ದು ನೀರಿನ ಚಿಂತೆ ಇಲ್ಲದವರಿಗೆ ಮೆಕ್ಸಿಕನ್. ಮರದಡಿಯಾದರೆ ಬಫಲೋ, ಇಲ್ಲಾಂದ್ರೆ ಎರಡು ಕುರ್ಚಿ ಹಾಕಿ ಕೂತುಬಿಡಿ.

ಎದುರು ಮನೆ ಅಜ್ಜಿ ಈಗ ಗಣೇಶನ ಹಬ್ಬಕ್ಕೆ ಗರಿಕೆ ಕೇಳಿಕೊಂಡು ನಮ್ಮನೆಗೇ ಬರುತ್ತಾರೆ. ವಾರವಾರ ಕತ್ತರಿಸಿದ ಗರಿಕೆಯಲ್ಲಿ ಪೂಜೆಗೆ ಬೇಕಾದ ಮೂರೆಸಳಿನ ಕುಡಿ ಸಿಗಲ್ಲ ಅಂತ ಮೊದಲ ವರ್ಷ ಬೈದರು. ಅವರಿಗಾಗಿ ಕಾಂಪೌಂಡ್ ಪಕ್ಕ ಒಂದು ಗೇಣು ಅಗಲ ಕತ್ತರಿಸದೇ ಬಿಟ್ಟಿದ್ದೇನೆ.