ಹೋದ ತಿಂಗಳು ಹೊಲಿದ 'ವಿಂಟೇಜ್'

ಅಕ್ಕನ ಮಗಳ ಕಾಲೇಜಿನಲ್ಲಿ 'ರೆಟ್ರೋ ಡೇ' ಇತ್ತು. "ಚಿಕ್ಕಮ್ಮ, ನೀನು ಹೊಲಿಯೋದೇನೂ ಬೇಡ. ಕಾಳಿದಾಸ ರಸ್ತೆ ಕಡೆ ಒಂದು ವಿಂಟೇಜ್ ಅಂಗಡಿ ಬಂದಿದೆ, ಸುಮ್ನೆ ಜೊತೆಗೆ ಬಾ" ಅಂದಳು. ಮೈಸೂರಿನ ಅಗ್ರಹಾರದಲ್ಲಿ 31 ವರ್ಷದಿಂದ ರವಿಕೆ ಹೊಲಿಯುತ್ತಿರುವವಳಿಗೆ ಹೇಳುವ ಮಾತಾ ಇದು? ಆದರೂ ಹೋದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥವು ಊರಲ್ಲಿ ಈಗ ನಾಲ್ಕೈದು ಇವೆ, ಒಂದನ್ನೇ ಬೈದರೆ ಮಿಕ್ಕವರು ನಗುತ್ತಾರೆ.

ಒಳಗೆ ಅಚ್ಚುಕಟ್ಟಾಗಿದೆ. ಹಳದಿ ಬಲ್ಬು, ಹಳೇ ರೇಡಿಯೋ, ಗೋಡೆ ತುಂಬ ಕಪ್ಪು ಬಿಳುಪು ಫೋಟೋ. ಕಿಟಕಿ ಪಕ್ಕ ಒಂದು ಸಿಂಗರ್ ಕಾಲು ಮಿಷನ್. ನಾನು ಬಟ್ಟೆ ಬಿಟ್ಟು ಮೊದಲು ಅದನ್ನೇ ನೋಡಿದೆ. ಬೆಲ್ಟ್ ಇಲ್ಲ, ಬಾಬಿನ್ ಕೇಸ್ ಇಲ್ಲ, ಮೇಲೆ ಮನಿ ಪ್ಲಾಂಟ್ ಕುಂಡ ಇಟ್ಟು ನೀರು ಹಾಕಿ ಹಾಕಿ ಹಲಗೆ ಉಬ್ಬಿದೆ. ಹೊಟ್ಟೆ ಉರಿಯಿತು. ಸಿಂಗರ್ ಮಿಷನ್ನಿನ ಮೈಮೇಲೆ ಒಂದು ನಂಬರ್ ಇರುತ್ತೆ. ಅದನ್ನು ನೋಡಿದರೆ ಯಾವ ಕಾರ್ಖಾನೆ, ಯಾವ ವರ್ಷ ಅಂತ ತಿಳಿಯುತ್ತೆ. ಆ ಅಂಗಡಿಯಲ್ಲಿ ತನ್ನ ವಯಸ್ಸನ್ನು ತಾನೇ ಹೇಳಬಲ್ಲ ವಸ್ತು ಅದೊಂದೇ, ಅದೂ ಮಾರುವುದಕ್ಕಲ್ಲ.

ಮಿಕ್ಕದ್ದೆಲ್ಲ ಹೊಸದು. ಹೊಸದು ಮಾರುವುದು ತಪ್ಪಲ್ಲ, ನಾನೂ ಹೊಸದನ್ನೇ ಹೊಲಿಯುವವಳು. ಆದರೆ ಚೀಟಿ ಚೀಟಿಯಲ್ಲೂ 'ವಿಂಟೇಜ್'. ಈ ಮಾತು ಬಂದಿದ್ದು ದ್ರಾಕ್ಷಿ ಮದ್ಯದಿಂದ, ಯಾವ ವರ್ಷದ ಕೊಯ್ಲು ಅಂತ ಹೇಳುವುದಕ್ಕೆ. ಬಟ್ಟೆ ವ್ಯಾಪಾರದಲ್ಲಿ 20 ವರ್ಷ ದಾಟಿದ ಉಡುಪಿಗೆ ವಿಂಟೇಜ್ ಅನ್ನುವುದು ರೂಢಿ, 100 ದಾಟಿದರೆ ಆಂಟಿಕ್. ಹಳೇ ಮಾದರಿ ನೋಡಿ ಈಗ ಹೊಲಿದದ್ದು ರೆಟ್ರೋ. ಕಾಲೇಜಿನವರೇ ಸರಿಯಾದ ಹೆಸರು ಇಟ್ಟಿದ್ದಾರೆ! ಅಲ್ಲಿದ್ದ ಹುಡುಗಿಯನ್ನು "ಇದು ಯಾವ ಕಾಲದ್ದಮ್ಮ?" ಅಂತ ಕೇಳಿದೆ. "ಹೋದ ತಿಂಗಳು ಬಂದ ಸ್ಟಾಕ್ ಆಂಟಿ, ಫ್ರೆಶ್ಶು" ಅಂದಳು. ವಿಂಟೇಜ್ ಅಂತ ಬರೆದಿದೆಯಲ್ಲ ಅಂದರೆ, "ಅದು ಲುಕ್ಕು ಆಂಟಿ." ಪಾಪ, ಅವಳು ಸುಳ್ಳು ಹೇಳಲಿಲ್ಲ. ಸುಳ್ಳೆಲ್ಲ ಚೀಟಿಯದ್ದೇ.

ನಮ್ಮ ಹುಡುಗಿ ನನಗೆ ಮೊದಲು ತೋರಿಸಿದ್ದು ಚಿಕ್ಕ ಹೂವಿನ ಒಂದು ಫ್ರಾಕು. '1930ರ ವಿಂಟೇಜ್ ಬಯಾಸ್ ಕಟ್ ಟೀ ಡ್ರೆಸ್', 2,890 ರೂಪಾಯಿ. ಬಯಾಸ್ ಕಟ್ ಅಂದ ತಕ್ಷಣ ನನ್ನ ಕೈ ತಾನಾಗಿ ಹೋಯಿತು.

ಬಟ್ಟೆಗೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡು ಇರುತ್ತೆ. ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಎಳೆಯಿರಿ, ಅಷ್ಟಾಗಿ ಜಗ್ಗಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ, ಜಗ್ಗುತ್ತೆ. ಬಟ್ಟೆಯನ್ನು 45 ಡಿಗ್ರಿ ತಿರುಗಿಸಿ ಕತ್ತರಿಸಿದರೆ ಅದು ಮೈಗೆ ತಾನೇ ಕೂರುತ್ತೆ, ಇಲಾಸ್ಟಿಕ್ ಬೇಡ. 1920, 30ರ ದಶಕದಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮ್ಯಾಡಲೀನ್ ವಿಯೊನೆ ಈ ಕಟ್ಟಿನಿಂದಲೇ ಹೆಸರು ಮಾಡಿದವರು. ನಮಗೇನೂ ಹೊಸದಲ್ಲ. ಕ್ರಾಸ್ ಕಟಿಂಗ್ ರವಿಕೆ ಅಂತ ನಾವು ಹೊಲಿಯುವುದು ಇದೇ ಲೆಕ್ಕದಲ್ಲಿ. ಬಟ್ಟೆ ಜಾಸ್ತಿ ಬೇಕು, ಓರೆ ತುಂಡುಗಳು ದಂಡ. 80 ಸೆಂಟಿಮೀಟರ್ ತಂದವರಿಗೆ ನಾನು ಕ್ರಾಸ್ ಆಗಲ್ಲ ಅಂತ ವಾಪಸ್ ಕಳಿಸುತ್ತೇನೆ. ಇನ್ನೊಂದು ತಾಪತ್ರಯ, ಓರೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಉದ್ದನೆಯ ಉಡುಪಾದರೆ ಹೊಲಿದ ಮೇಲೆ ಒಂದು ದಿನ ನೇತುಹಾಕಿ, ಆಮೇಲೆ ಕೆಳಗಿನ ಅಂಚು ಸಮ ಮಾಡಿ ಮಡಿಸಬೇಕು.

ಈ ಫ್ರಾಕಿನಲ್ಲಿ ಹಾಸಿನ ಎಳೆ ಕಂಕುಳಿಂದ ಅಂಚಿನವರೆಗೆ ಗೆರೆ ಹೊಡೆದ ಹಾಗೆ ನೆಟ್ಟಗೆ ಇಳಿದಿತ್ತು. ಸೊಂಟದ ಹತ್ತಿರ ಹಿಡಿದು ಕೆಳಕ್ಕೆ ಎಳೆದೆ. ಒಂದು ನೂಲಿನಷ್ಟೂ ಜಗ್ಗಲಿಲ್ಲ. ಬೆನ್ನಿಗೆ ಮಾತ್ರ ನಾಲ್ಕು ಸಾಲು ಇಲಾಸ್ಟಿಕ್. ಬಯಾಸ್ ಕಟ್ ಮಾಡಿದವರು ಇಲಾಸ್ಟಿಕ್ ಯಾಕೆ ಹಾಕುತ್ತಾರೆ, ಹೇಳಿ? ಟೀ ಡ್ರೆಸ್ ಅನ್ನುವುದರ ಕಥೆಯೂ ಇಷ್ಟೇ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಹೆಂಗಸರು ಮನೆಯಲ್ಲಿ ಮಧ್ಯಾಹ್ನದ ಟೀ ಹೊತ್ತಿಗೆ ಬಿಗಿ ಉಡುಪು ಕಳಚಿ ಹಾಕಿಕೊಳ್ಳುತ್ತಿದ್ದ ಸಡಿಲ ಗೌನು ಇತ್ತು. ಈಗ ಮೊಣಕಾಲು ದಾಟಿದ, ಹೂವಿರುವ ಯಾವುದಾದರೂ ಟೀ ಡ್ರೆಸ್. ಇದನ್ನು ಹಾಕಿಕೊಂಡು ಟೀ ಕುಡಿದರೆ ಬೆನ್ನಿನ ಹೊಲಿಗೆ ಬಿಡುತ್ತೆ.

ಮಿಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. 'ಫ್ಲ್ಯಾಪರ್' (1920ರ ದಶಕದ ಫ್ಯಾಷನ್ ಹುಡುಗಿಯರಿಗೆ ಇದ್ದ ಹೆಸರು) ಅಂತ ಮೈಗಂಟಿದ, ತೊಡೆಯವರೆಗಿನ ಕುಚ್ಚಿನ ಉಡುಪು. 1920ರ ದಶಕದ ನಿಜವಾದದ್ದು ನೆಟ್ಟಗೆ, ಸಡಿಲವಾಗಿ ಇಳಿಯುತ್ತಿತ್ತು, ಸೊಂಟದ ಗೆರೆ ಕೆಳಗೆ ಬರುತ್ತಿತ್ತು. ಕಾರ್ಸೆಟ್ ಅಂದರೆ ಕಡ್ಡಿ, ದಾರ ಹಾಕಿ ಸೊಂಟ ಬಿಗಿಯುವ ಉಡುಪು. ಇಲ್ಲಿನ 'ಕಾರ್ಸೆಟ್ ಟಾಪ್' ಮುಂದೆ ದಾರ ಇದೆ, ಎಳೆದರೆ ಬಿಗಿಯಾಗಲ್ಲ, ಗಂಟು ಬಿಚ್ಚುತ್ತೆ ಅಷ್ಟೇ. ಒಳಗೆ ಕಡ್ಡಿಯೂ ಇಲ್ಲ. ಇನ್ನೊಂದು ಲಂಗಕ್ಕೆ '1920ರ ಎ-ಲೈನ್' ಅಂತ ಚೀಟಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಈ ಎ-ಲೈನ್ ಹೆಸರು ಚಾಲ್ತಿಗೆ ತಂದದ್ದು ಪ್ಯಾರಿಸ್ಸಿನ ವಿನ್ಯಾಸಕ ಡಿಯೋರ್, 1955ರಲ್ಲಿ. ಲಂಗ ಮಾತ್ರ ಚೆನ್ನಾಗಿತ್ತು, ಸುತ್ತಳತೆ ಧಾರಾಳವಾಗಿತ್ತು.

ನಾನೇನು ಸಾಚಾ ಅಂತ ಕೇಳಬೇಡಿ. ನನ್ನ ಬೋರ್ಡಿನಲ್ಲೂ 'ಪ್ರಿನ್ಸೆಸ್ ಕಟ್' ಅಂತಿದೆ, ನಾನು ಯಾವ ರಾಣಿಯನ್ನೂ ನೋಡಿಲ್ಲ. ಆದರೆ ಕೇಳಿದವರಿಗೆ ಹೆಗಲಿನಿಂದಲೋ ಕಂಕುಳಿಂದಲೋ ಉದ್ದಕ್ಕೆ ಹೊಲಿಗೆ ಇಳಿಸಿ, ಡಾರ್ಟ್ (ಅಳತೆಗೆ ಬಟ್ಟೆ ಚಿವುಟಿ ಹೊಲಿಯುವ ಮಡಿಕೆ) ಇಲ್ಲದೆ ಕೂರಿಸಿ ಕೊಡುತ್ತೇನೆ. ಹೆಸರು ಸಾಲ ತಂದ ಮೇಲೆ ಅಷ್ಟಾದರೂ ಮಾಡಬೇಕಲ್ವಾ?

ಈಗ ಕೋಪ ಬಂದ ವಿಷಯಕ್ಕೆ ಬರುತ್ತೇನೆ. ನಾನು ಮಿಷನ್ ನೋಡುತ್ತಿದ್ದ ಹೊತ್ತಲ್ಲೇ ನಮ್ಮ ಹುಡುಗಿ ಒಂದು ಗಿಡ್ಡ ಟಾಪ್ ಆರಿಸಿ ಬಿಲ್ ಮಾಡಿಸಿಬಿಟ್ಟಿದ್ದಳು. 'ವಿಂಟೇಜ್ ಮೈಸೂರು ಸಿಲ್ಕ್ ಕ್ರೇಪ್, ಆಂಟಿಕ್ ಜರಿ', 1,950 ರೂಪಾಯಿ. ಮನೆಗೆ ಬಂದು ತಿರುವಿ ಹಾಕಿದೆ. ಪಕ್ಕದ ಹೊಲಿಗೆಯಲ್ಲಿ ಒಂದು ಬಿಳಿ ಪಟ್ಟಿಯ ಬುಡ ಮಾತ್ರ ಕಂಡಿತು. ಯಾವ ನೂಲು ಅಂತ ಬರೆದಿರುವ ಚೀಟಿಯನ್ನು ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಒಳ ಅಂಚಿನಿಂದ ಒಂದು ಎಳೆ ಕಿತ್ತು, ದೇವರ ಮನೆ ದೀಪಕ್ಕೆ ಹಿಡಿದೆ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಇದು ಮುದುರಿ, ಕರಗಿ, ಸಾಸಿವೆ ಕಾಳಿನಂಥ ಕರೀ ಗುಂಡಾಯಿತು. ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಪಾಲಿಯೆಸ್ಟರ್.

ಆಮೇಲೆ ಬೀರುವಿನಿಂದ ಅಮ್ಮನ ಸೀರೆ ತೆಗೆದು ಪಕ್ಕದಲ್ಲಿ ಹಾಸಿದೆ. 1989ರಲ್ಲಿ ನನ್ನ ಮದುವೆಗೆ ಅಮ್ಮ ತಗೊಂಡ ಮೈಸೂರು ರೇಷ್ಮೆ, ನಿಂಬೆ ಹಣ್ಣಿನ ಬಣ್ಣ. ಕ್ರೇಪ್ ಅಂದರೆ ನೂಲಿಗೆ ಜಾಸ್ತಿ ಹುರಿ ಕೊಟ್ಟು ನೇಯ್ದದ್ದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ನೀರಿನ ಹಾಗೆ ಜಾರಿ ಬಿಚ್ಚಿಕೊಂಡಿತು. ಜರಿ ಮಡಿಕೆಗಳಲ್ಲಿ ಮಾತ್ರ ಕಂದಿದೆ, ಯಾಕೆಂದರೆ ಅದರಲ್ಲಿ ಬೆಳ್ಳಿ ಇದೆ. ಮೈಸೂರು ರೇಷ್ಮೆ ನೇಯುವ ಸರ್ಕಾರಿ ಕಾರ್ಖಾನೆಯವರು ಹೇಳುವ ಲೆಕ್ಕದಲ್ಲಿ 65% ಬೆಳ್ಳಿ, 0.65% ಚಿನ್ನ. ಟಾಪಿನ 'ಆಂಟಿಕ್ ಜರಿ' ಒಳಗೆ ಹೊರಗೆ ಎಲ್ಲ ಒಂದೇ ಸಮ ಕಂದಿತ್ತು. ಮಿಲ್ಲಿನಲ್ಲೇ ಮಂಕು ಬಣ್ಣ ಕೊಟ್ಟು ಕಳಿಸಿದ್ದು. ಜರಿಗೆ ಈ ಹೆಸರು ಈಗ ಎಲ್ಲ ಅಂಗಡಿಯಲ್ಲೂ ನಡೆಯುತ್ತೆ, ಕೇಳಿ ಕೇಳಿ ನಾವೂ ಸುಮ್ಮನಾಗಿದ್ದೇವೆ.

ಬಯಾಸ್, ಫ್ಲ್ಯಾಪರ್ ಎಲ್ಲೋ ದೂರದ ಹೆಸರು, ಹೋಗಲಿ ಅನ್ನಬಹುದು. ಮೈಸೂರು ಸಿಲ್ಕ್ ಹಾಗಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರುವಾದ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿ ಇವತ್ತಿಗೂ ನಡೆಯುತ್ತಿದೆ. ಹೆಸರಿಗೆ ಜಿಐ ಟ್ಯಾಗ್ ಇದೆ, ಅಂದರೆ ಈ ಊರಿನ ಸರಕಿಗಷ್ಟೇ ಈ ಹೆಸರು ಅನ್ನುವ ಕಾನೂನಿನ ಗುರುತು. ಅಲ್ಲಿನ ಪ್ರತಿ ಸೀರೆಗೂ ಒಂದು ನಂಬರ್ ಹಾಕಿರುತ್ತಾರೆ. ಆಟೋದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕೂತು ಪಾಲಿಯೆಸ್ಟರಿಗೆ ಆ ಹೆಸರು ಕಟ್ಟುತ್ತಾರಲ್ಲ, ಏನು ಧೈರ್ಯ!

ಮಾರನೇ ದಿನ ಟಾಪು, ಬಿಲ್ಲು, ಕರೀ ಗುಂಡು ಮೂರೂ ಹಿಡಿದು ಹೋದೆ. ಗುಂಡನ್ನು ಟಿಶ್ಯೂ ಕಾಗದದಲ್ಲಿ ಸುತ್ತಿದ್ದೆ. ಮಾಲೀಕ ಹುಡುಗ ಮೂವತ್ತರ ಒಳಗಿನವನು, ಮರ್ಯಾದೆಯಿಂದ ಕೂರಿಸಿದ. "ನಮಗೂ ಹಾಗೇ ಹೇಳಿ ಕೊಟ್ಟರು ಮೇಡಂ" ಅಂದ. ಆ ಪಟ್ಟಿ ಕತ್ತರಿಸಿದ್ದು ಯಾರು ಅಂದೆ. ಉತ್ತರ ಬರಲಿಲ್ಲ, ಕಾಫಿ ಬಂತು. ದುಡ್ಡು ವಾಪಸ್ ಕೊಡಲ್ಲ, ಏಳು ದಿನದೊಳಗೆ ಬೇರೆ ತಗೊಳ್ಳಬಹುದು ಅಷ್ಟೇ.

ಹಾಗಾಗಿ ಒಂದು ಹತ್ತಿ ಬ್ಲೌಸ್ ತಂದೆವು. ಕುತ್ತಿಗೆ ಮುಚ್ಚುತ್ತೆ, ಪಫ್ ಕೈ, ಬೆಲೆ 1,850. ಚೀಟಿಯಲ್ಲಿ 'ವಿಕ್ಟೋರಿಯನ್' ಅಂತಿದೆ, ಇರಲಿ. ಒಳಗಿನ ಹೊಲಿಗೆ ನೋಡಿ ಮೆಚ್ಚಿದೆ. ಎಳೆ ಒಂದೂ ಹೊರಗೆ ಕಾಣದ ಹಾಗೆ ಎರಡು ಸಲ ಮಡಿಸಿ ಹೊಲಿದಿದ್ದಾರೆ, ಕಾಜಾ ಕೈಯಲ್ಲಿ ಹಾಕಿದ್ದಾರೆ. ಪಫ್ ಕೈಯ ನೆರಿಗೆಗಳನ್ನು ಭುಜದ ನೆತ್ತಿಗೆ ಒತ್ತಾಗಿ ಕೂಡಿಸಿದ್ದಾರೆ, ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯಲ್ಲ. ಯಾರು ಹೊಲಿದರೋ, ಕೆಲಸ ಬಲ್ಲವರು. ಆ ಬೆಲೆಗೆ ನಾನು ಅಷ್ಟು ಕೆಲಸ ಮಾಡಿಕೊಡಲಾರೆ.

ಹೋಗುವವರು ಹತ್ತಿಯದ್ದನ್ನು ನೋಡಿ. ರೇಷ್ಮೆ, ಜರಿ ಅಂತ ಬರೆದದ್ದನ್ನು ಮುಟ್ಟಬೇಡಿ. ಟ್ರಯಲ್ ರೂಮ್ ಒಂದೇ, ಕನ್ನಡಿ ಹೊರಗಿದೆ, ಶನಿವಾರ ಸಂಜೆ ಕಾಯಬೇಕು. ಐದಕ್ಕೆ ಎರಡೂವರೆ ಕೊಡುತ್ತೇನೆ, ಆ ಅರ್ಧ ಕಾಫಿಗೆ.

ಹೊರಡುವಾಗ ಮಾಲೀಕ ನನ್ನ ನಂಬರ್ ತಗೊಂಡ, ಆಲ್ಟ್ರೇಶನ್‌ಗೆ ಗಿರಾಕಿ ಕಳಿಸುತ್ತೇನೆ ಅಂತ. ಕಳಿಸಿದ ಕೂಡ. ಮೊನ್ನೆ ಎರಡು ಟೀ ಡ್ರೆಸ್ ಬಂದಿವೆ, ಎರಡಕ್ಕೂ ಬೆನ್ನಿನ ಹೊಲಿಗೆ ಬಿಟ್ಟಿದೆ.