ಮುಂದೆ ಒಂದು ಹಲ್ಲುಚಕ್ರವೋ, ಎರಡೋ?

ಊರೊಳಗೂ ಘಾಟಿಗೂ ಒಂದೇ ಸೈಕಲ್ ಜೋಡಿಸುವವರು ಮೊದಲು ತೀರ್ಮಾನಿಸಬೇಕಾದದ್ದು ಇದು. ಮುಂದೆ 40 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ; ಇದು ಒಂಟಿ), ಹಿಂದೆ 11-42 ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು, 11ರಿಂದ 42 ಹಲ್ಲಿನವರೆಗೆ): ಅತಿ ಹಗುರ ಗೇರ್ 0.95, ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ 0.95 ಸುತ್ತು. ಮುಂದೆ 46 ಮತ್ತು 30 ಹಲ್ಲಿನ ಎರಡು (ಇದು ಜೋಡಿ), ಹಿಂದೆ 11-34: ಹಗುರ ಗೇರ್ 0.88, ಭಾರದ್ದು 4.18 (ಒಂಟಿಯಲ್ಲಿ 3.64). ಲಗೇಜು ಹೇರಿಕೊಂಡು ಆಗುಂಬೆ ಹತ್ತುವಾಗ ಈ ವ್ಯತ್ಯಾಸ ಮೊಣಕಾಲಿಗೆ ಗೊತ್ತಾಗುತ್ತದೆ.

ಜೋಡಿಸಲು ಒಂಟಿಯೇ ಸಲೀಸು. ಮುಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ), ಅದರ ಶಿಫ್ಟರ್ (ಗೇರ್ ಬದಲಿಸುವ ಲಿವರ್), ಒಂದು ಕೇಬಲ್ ಬೇಡವೇ ಬೇಡ. ಜೋಡಿಯಲ್ಲಿ ಡಿರೈಲರ್ ಪಂಜರ (ಚೈನ್ ಹಾದುಹೋಗುವ ಚೌಕಟ್ಟು) ದೊಡ್ಡ ಚೈನ್‌ರಿಂಗ್‌ನ ಹಲ್ಲಿಗಿಂತ 1-3 ಮಿ.ಮೀ. ಮೇಲಿರಬೇಕು, ಅದಕ್ಕೆ ಸಮಾನಾಂತರವಾಗಿರಬೇಕು. ಸ್ವಲ್ಪ ತಿರುಗಿದರೂ ಚೈನ್ ಕರಕರ ಉಜ್ಜುತ್ತದೆ. ಹೊಸಬರ ಅರ್ಧ ದಿನ ಇಲ್ಲೇ ಹೋಗುತ್ತದೆ.

ಆದರೆ ಒಂಟಿಯಲ್ಲೂ ಒಂದು ತೊಡಕಿದೆ. ಶಿಮಾನೊ 11 ಸ್ಪೀಡ್ ರೋಡ್ ಶಿಫ್ಟರ್‌ಗೆ ಅದೇ ಕಂಪನಿಯ 11 ಸ್ಪೀಡ್ ಎಂಟಿಬಿ (ಮೌಂಟನ್ ಬೈಕ್) ಹಿಂದಿನ ಡಿರೈಲರ್ ಹಾಕಿದರೆ ಗೇರ್ ಕೂರುವುದಿಲ್ಲ. ಎರಡಕ್ಕೂ ಕೇಬಲ್ ಎಳೆಯಬೇಕಾದ ಅಳತೆ ಬೇರೆ ಬೇರೆ. 42 ಹಲ್ಲಿಗೆ ಶಿಮಾನೊದ್ದೇ ಜಿಆರ್‌ಎಕ್ಸ್ ಆರ್‌ಎಕ್ಸ್812 ಹಿಂದಿನ ಡಿರೈಲರ್ ತಗೊಳ್ಳಿ. ಚೈನ್‌ರಿಂಗ್ ಅಗಲ-ಕಿರಿದು ಹಲ್ಲಿನದೇ (ಒಂದು ಹಲ್ಲು ದಪ್ಪ, ಮುಂದಿನದು ತೆಳು, ಚೈನ್ ಬಿಗಿಯಾಗಿ ಹಿಡಿಯಲು) ಇರಲಿ. ಮಾಮೂಲಿ ಚೈನ್‌ರಿಂಗ್ ಹಾಕಿದರೆ ಕುಳಿಬಿದ್ದ ರಸ್ತೆಯಲ್ಲಿ ಚೈನ್ ಕಳಚುತ್ತದೆ.

ಊರೊಳಗಿನ ಓಡಾಟವೇ ಹೆಚ್ಚಿದ್ದರೆ ಒಂಟಿ. ವರ್ಷಕ್ಕೆರಡು ಸಲವಾದರೂ ಲಗೇಜಿನೊಂದಿಗೆ ಘಾಟಿ ಹತ್ತುವವರು ಜೋಡಿಯನ್ನೇ ಹಾಕಿಸಿ, ಬಯ್ಯುತ್ತಾ ಹೊಂದಿಸಿಕೊಳ್ಳಲಿ.