ತಾರಸಿ ಮೇಲಿನ ಎಡಿಎಸ್-ಬಿ ರಿಸೀವರ್: ಹಾಸನದಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ರೇಡಿಯೊ ಸಂಕೇತ ಹಿಡಿಯುವ ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, 1090 ಮೆಗಾಹರ್ಟ್ಜ್ ಆಂಟೆನಾ ಇರುವ ಸೆಟ್ ಇದು. ವಿಮಾನ ತಾನೇ ಬಿತ್ತರಿಸುವ ಸ್ಥಾನ, ಎತ್ತರ, ವೇಗವನ್ನು (ಈ ಬಿತ್ತರಿಕೆಯೇ ಎಡಿಎಸ್-ಬಿ) ಹಿಡಿದು ನಕ್ಷೆಯ ಮೇಲೆ ತೋರಿಸುತ್ತದೆ. ಆಂಟೆನಾಗೆ ಐದಕ್ಕೆ ನಾಲ್ಕು ಅಂಕ. ಜೊತೆಗೆ ಬಂದ ಕೇಬಲ್‌ಗೆ ಒಂದು ಕೊಟ್ಟರೂ ಹೆಚ್ಚೇ.

ಆ ತೆಳು ಆರ್‌ಜಿ-58 ಕೇಬಲ್ 15 ಮೀಟರ್ ಎಳೆದರೆ ಸುಮಾರು 8 ಡೆಸಿಬೆಲ್ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. ಡಿಶ್‌ಗೆ ಹಾಕುವ ಆರ್‌ಜಿ-6 ಹಾಕಿ, ನಷ್ಟ 3ರ ಆಸುಪಾಸಿಗೆ ಇಳಿಯುತ್ತದೆ. ಅದರ ಇಂಪಿಡೆನ್ಸ್ 75 ಓಮ್, ಡಾಂಗಲ್‌ನದು 50 ಓಮ್, ಎರಡೂ ಹೊಂದುವುದಿಲ್ಲ ಅನ್ನುವ ತಕರಾರು ಇಲ್ಲಿ ಲೆಕ್ಕಕ್ಕಿಲ್ಲ. ಆಂಟೆನಾ ಬುಡದ ಕನೆಕ್ಟರ್‌ಗೆ ಸಾದಾ ಇನ್ಸುಲೇಷನ್ ಟೇಪ್ ಸಾಲದು. ಜುಲೈ ಮಳೆಗೆ ನೀರು ಒಳಗಿಳಿದು ವಿಮಾನಗಳ ಸಂಖ್ಯೆ ದಿನೇ ದಿನೇ ಕುಸಿಯುತ್ತದೆ. ತನಗೆ ತಾನೇ ಬೆಸೆಯುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹತ್ತಿರ ಮೊಬೈಲ್ ಟವರ್ ಇದ್ದರೆ 1090 ಮೆಗಾಹರ್ಟ್ಜ್ ಬಿಟ್ಟು ಉಳಿದದ್ದನ್ನು ತಡೆಯುವ ಫಿಲ್ಟರ್ ಬೇಕೇ ಬೇಕು.

ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಪೂರ್ತಿ ಏರಿಸಿದರೆ ದೂರದವು ಸಿಗಬಹುದು, ತಲೆಯ ಮೇಲಿನ ವಿಮಾನವೇ ತಪ್ಪಿಹೋಗಬಹುದು. ಮೈನಸ್ 3 ಡೆಸಿಬೆಲ್‌ಗಿಂತ (ಸೊನ್ನೆಯೇ ಡಾಂಗಲ್‌ನ ಮಿತಿ) ಜೋರಾದ ಸಂದೇಶಗಳು ಶೇ 5 ದಾಟಿದರೆ ಒಂದೊಂದೇ ಮೆಟ್ಟಿಲು ಇಳಿಸಿ. ಮೊಬೈಲ್ ಚಾರ್ಜರ್ ಸಿಕ್ಕಿಸಬೇಡಿ, 5 ವೋಲ್ಟ್ 3 ಆಂಪಿಯರ್‌ನದೇ ಬೇಕು. ಕರೆಂಟ್ ಹೋಗಿ ಬಂದು ಆಡಿದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಚಿಕ್ಕ ಯುಪಿಎಸ್ ಇರಲಿ.

ಪೂರ್ವಕ್ಕೆ ದಿಗಂತ ತೆರೆದಿದೆ. ಆದರೂ ಬೆಂಗಳೂರಿಗೆ ಇಳಿಯುವವು 8-9 ಸಾವಿರ ಅಡಿಗೆ ಬರುವಷ್ಟರಲ್ಲಿ ಭೂಮಿಯ ಬಾಗಿಗೆ ಮರೆಯಾಗುತ್ತವೆ. ಸಕಲೇಶಪುರದ ಕಡೆ ಘಟ್ಟ ಅಡ್ಡ. ಮಂಗಳೂರಿಗೆ ಇಳಿಯುವವು ಅದಕ್ಕೂ ಮೊದಲೇ ಮಾಯ. ರಿಸೀವರ್‌ನ ದೋಷವಲ್ಲ.

ನಕ್ಷೆಯಲ್ಲಿ ಎರಡು ವಿಮಾನ ಒಂದರ ಮೇಲೊಂದು ಕೂತಂತೆ ಕಂಡಾಗ ಎತ್ತರದ ಅಂಕಿ ನೋಡಿ. 29,000 ಅಡಿಯಿಂದ 41,000 ಅಡಿವರೆಗೆ 1,000 ಅಡಿ ಅಂತರ ನಿಯಮಬದ್ಧವೇ. ಈ ನಕ್ಷೆಯೇ ಪೈಲಟ್ ಮುಂದಿನ ಪರದೆ ಅಂದುಕೊಳ್ಳುವವರಿದ್ದಾರೆ. ಅಲ್ಲಿನ ಟಿಕಾಸ್, ಅಂದರೆ ವಿಮಾನಗಳ ಡಿಕ್ಕಿ ತಪ್ಪಿಸುವ ವ್ಯವಸ್ಥೆ, ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ; 1030 ಮೆಗಾಹರ್ಟ್ಜ್‌ನಲ್ಲಿ ತಾನೇ ಪ್ರಶ್ನೆ ಕಳಿಸಿ, 1090ರಲ್ಲಿ ಉತ್ತರ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ದೂರ ಕರಾರುವಾಕ್ಕು, ದಿಕ್ಕು ಕೆಲವು ಡಿಗ್ರಿ ಆಚೀಚೆ. ಅದಕ್ಕೇ ಬರೀ ಚಿಹ್ನೆ ನೋಡಿ ಪೈಲಟ್ ಎಡಬಲಕ್ಕೆ ತಿರುಗಿಸುವಂತಿಲ್ಲ. ಹಳದಿ ವೃತ್ತ ಬಂದರೆ ಹೊರಗೆ ಕಣ್ಣಾಡಿಸಬೇಕು. ಕೆಂಪು ಚೌಕದ ಜೊತೆ 'ಏರು' ಅಥವಾ 'ಇಳಿ' ಎಂದರೆ, ಕಂಟ್ರೋಲರ್ ಬೇರೆ ಹೇಳಿದರೂ ಅದನ್ನೇ ಪಾಲಿಸಬೇಕು.

ಪಟ್ಟಿಯಲ್ಲಿ ಎತ್ತರವಿದ್ದೂ ನಕ್ಷೆಯಲ್ಲಿಲ್ಲದ ವಿಮಾನಗಳು ಸಾಮಾನ್ಯವಾಗಿ ಸ್ಥಾನ ಬಿತ್ತರಿಸದವು. ಒಂದೇ ರಿಸೀವರ್‌ನಿಂದ ಅವುಗಳ ಜಾಗ ಪತ್ತೆಯಾಗದು.